ಒತ್ತಕ್ಷರ

ಸ್ಕೂಟರಿನಿಂದ ಬಿದ್ದು ವಿಜಿತನ ಮಣಿಕಟ್ಟಿಗೆ ಪ್ಲಾಸ್ಟರು.
ಐವರ ಪಡೆಯಲ್ಲಿ ಉಳಿದದ್ದು ನಾಲ್ವರು.
'ಅಕ್ಕ, ಒಂದೇ ಒಂದು ಗೇಮು. ನೀವು ಕೂತರೆ ಸಾಕು,
ಸತ್ತರೂ ಪರವಾಗಿಲ್ಲ' ಎಂದ ತೌಸೀಫ್.
ಹೊಸಂಗಡಿ ರೈಲ್ವೆ ಗೇಟಿನ ಈಚೆ
ಅರ್ಧ ಎಳೆದ ಶಟರಿನ ಒಳಗೆ
ನನ್ನದೇ ಅಂಗಡಿಯಲ್ಲಿ ನಾನು ಬದಲಿ ಆಟಗಾರ್ತಿ.

ಕೀಬೋರ್ಡು ನನಗೆ ಹೊಸತಲ್ಲ.
ಹತ್ತೊಂಬತ್ತು ವರ್ಷದಿಂದ ಇದರ ಮೇಲೆ
ಗೃಹಪ್ರವೇಶ, ಉತ್ತರಕ್ರಿಯೆ, ಪಂಚಾಯತಿಗೆ ತಕರಾರು
ಎಲ್ಲ ಕನ್ನಡದಲ್ಲೇ ಕುಟ್ಟಿದ್ದೇನೆ.
ಮೇಲಿನ ಇಂಗ್ಲಿಷು ಸವೆದುಹೋಗಿ
ಯಾವ ಗುಂಡಿಯ ಅಡಿಯಲ್ಲಿ ಯಾವ ಅಕ್ಷರ ಮಲಗಿದೆ
ಬೆರಳಿಗೆ ಮಾತ್ರ ಗೊತ್ತು.

ಹೆಸರು ಕೇಳಿತು ಪರದೆ. ವೇದಾವತಿ ಎಂದು ಕೊಟ್ಟೆ.
ಖಾಲಿ ಚೌಕಗಳ ಒಂದು ಸಾಲು ಬಂತು.
ಈ ಊರಿನ ಕಾಗದಪತ್ರಗಳಲ್ಲಿ ಇದೇನು ಮೊದಲ ಸಲವಲ್ಲ.
ಪ್ಲೇಯರ್ ೪೪೭೧ ಆದೆ.

ಡ ಒತ್ತಿದರೆ ಮುಂದೆ, ಸ ಹಿಂದೆ,
ಅ ಎಡಕ್ಕೆ, ದ ಬಲಕ್ಕೆ.
ಶಿಫ್ಟು ಹಿಡಿದರೆ ನನಗೆ ಮಹಾಪ್ರಾಣ, ಇಲ್ಲಿ ಓಟ
(ಎರಡರಲ್ಲೂ ಏದುಸಿರು).
ಪದ ಪದದ ನಡುವೆ ಜಾಗ ಬಿಡುತ್ತಿದ್ದ ಉದ್ದ ಪಟ್ಟಿ
ಇಲ್ಲಿ ಗೋಡೆ ಹಾರುವುದಕ್ಕೆ.

ಮೊದಲ ನಿಮಿಷ ಆಕಾಶ ನೋಡಿದೆ.
ಎರಡನೆಯದರಲ್ಲಿ ನನ್ನದೇ ಬೂಟು.
ಮೂರನೆಯದರಲ್ಲಿ ಯಾರೋ ಓಡಿದ ಹಾಗಾಗಿ ಗುಂಡಿಟ್ಟೆ.
'ಸಾಯ್ಬಾ!' ಎಂದಿತು ಪಕ್ಕದ ಕುರ್ಚಿ. ರೋಯ್ಸ್ಟನ್.
'ನಮ್ಮ ಗುಂಡು ನಮಗೆ ತಾಗುವುದಿಲ್ಲ ಅಕ್ಕ, ಹೆದರಬೇಡಿ.'
ಇಂಥ ಊರು ಎಲ್ಲುಂಟು ಮಾರಾಯ
ಎಂದು ಕೇಳುವಷ್ಟು ಪುರುಸೊತ್ತಿರಲಿಲ್ಲ.

ಬೆನ್ನ ಹಿಂದೆ ವಿಜಿತ್, ಒಂದೇ ಕೈಯ ಸೇನಾಪತಿ,
'ಇಡತ್ತ್, ಇಡತ್ತ್' ಎನ್ನುತ್ತಾನೆ.
ತೌಸೀಫನ ಉರ್ದು ಉಪ್ಪಳದ್ದು, ಅರ್ಧ ನುಂಗಿದ್ದು.
ಗೋದಾಮಿನ ಮೂಲೆಯಿಂದ ಚರಣ್ ಶೆಟ್ಟಿಗಾರ
ಗಡಿಬಿಡಿಗೆ ಮರ್ಯಾದೆಯ ಬಹುವಚನ ಮರೆತು
'ಬಲ! ಬಲ!' ಎಂದು ಕಿರುಚಿದ.
ಬಲಕ್ಕೆ ತಿರುಗಿದೆ.
ಬಲಕ್ಕೆ ಮೂವರು ಕಾಯುತ್ತಿದ್ದರು.

ಬಾ ಎಂದು ಕರೆದಿದ್ದನಂತೆ ಪಾಪ, ತುಳುವಿನಲ್ಲಿ.
ತುಳು ನನಗೆ ಬಾರದ್ದೇನಲ್ಲ.
ಗುಂಡು ಹಾರುವಾಗ ಕಿವಿ
ತನ್ನ ಭಾಷೆಯನ್ನು ತಾನೇ ಆರಿಸಿಕೊಳ್ಳುತ್ತದೆ.

ಪರದೆ ಬೂದಿಬಣ್ಣ. ಮಂಡಿಯೂರಿ ಕೂತಿದ್ದೇನೆ,
ರಕ್ತ ಇಳಿಯುವ ಲೆಕ್ಕ ಮೂಲೆಯಲ್ಲಿ ಓಡುತ್ತಿದೆ.
ಆಗ ಬಂದ ಚರಣ್, ಹೊಗೆ ಸೀಳಿಕೊಂಡು,
ಗುರಿಯಿಡುವ ಕೈ ಬಿಟ್ಟು ನನ್ನ ಪಕ್ಕ ಬಗ್ಗಿದ.
'ಏನು ಮಾಡ್ತಿದ್ದಿ?' ಎಂದೆ.
'ಎಫ್ ಒತ್ತಿ ಹಿಡಿದಿದ್ದೇನೆ. ಮೂರು ಸೆಕೆಂಡು. ಅಲುಗಬೇಡಿ.'

ಎಫ್!
ಅಕ್ಷರದ ಸ್ವರ ಕಳಚಿ
ಇನ್ನೊಂದನ್ನು ಅದರ ಕಾಲಬುಡಕ್ಕೆ ತಂದು ಕೂಡಿಸುವ ಗುಂಡಿ.
ಅಮ್ಮ, ಅಕ್ಕ, ಅನ್ನ, ಇದಿಲ್ಲದೆ ಒಂದೂ ಆಗುವುದಿಲ್ಲ.
ಇಷ್ಟು ವರ್ಷ ಒತ್ತಿದ್ದೇನೆ,
ಬಿದ್ದವರನ್ನು ಎಬ್ಬಿಸುತ್ತದೆಂದು ತಿಳಿದಿರಲಿಲ್ಲ.

ಆ ರಾತ್ರಿ ಒಬ್ಬ ವೈರಿಯನ್ನೂ ನಾನು ಕೊಲ್ಲಲಿಲ್ಲ.
ಹನ್ನೊಂದು ಸಲ ಎಬ್ಬಿಸಿದೆ,
ರೋಯ್ಸ್ಟನ್ನನೊಬ್ಬನನ್ನೇ ಐದು ಸಲ.
ಕೊನೆಯ ಸುತ್ತಿಗೆ ಕರೆಂಟು ಹೋಗಿ
ಯುಪಿಎಸ್ಸಿನ ಕೀಚಲಿನಲ್ಲಿ ಸೋತೆವು.
ಯಾರೂ ಬೈಯಲಿಲ್ಲ.

ಬೆಳಿಗ್ಗೆ ಬಂಬ್ರಾಣದ ಒಬ್ಬರು ಬಂದರು,
ಹೆಂಡತಿಯ ಹದಿಮೂರನೆಯ ದಿನದ ಕಾಗದ, ಇನ್ನೂರು ಪ್ರತಿ.
ಉ ಹೊಡೆದೆ, ತ ಹೊಡೆದೆ,
ಎಫ್ ಮೇಲೆ ಬೆರಳು ಮೂರು ಸೆಕೆಂಡು ನಿಂತಿತು.
'ಕರೆಂಟಿಲ್ವಾ?' ಎಂದು ಕೇಳಿದರು ಅವರು.
ಉಂಟು ಎಂದೆ.

ವಿಜಿತನ ಪ್ಲಾಸ್ಟರು ಗುರುವಾರ ತೆಗೆಯುತ್ತಾರಂತೆ.
ಮೂಳೆ ನಿಧಾನಕ್ಕೆ ಕೂಡಲಿ ಎಂದು ಯಾರೂ ಬಯಸಬಾರದು.
ನಾನು ಬಯಸಲಿಲ್ಲ.
ಮೂಲೆಯ ಹಳೆಯ ಕಂಪ್ಯೂಟರಿನ ಧೂಳು ಒರೆಸಿ
ಆರನೆಯ ಕುರ್ಚಿಯ ಕಾಲಿಗೆ ಮೊಳೆ ಬಡಿದೆ.