ಓ ಅನ್ನದ ಡಬ್ಬಿ

ಹಾಸನದ ಕೋರ್ಟಿನ ಎದುರು ನನ್ನ ಅಂಗಡಿ.
ಝೆರಾಕ್ಸು, ಪಹಣಿ, ಲ್ಯಾಮಿನೇಷನ್ನು,
ಊರವರ ಜಗಳಗಳನ್ನು ಬಾಂಡ್ ಪೇಪರಿಗೆ
ನುಡಿಯಲ್ಲಿ ಇಳಿಸುವ ಕೆಲಸ.
ಮಂಗಳವಾರ ಹನ್ನೊಂದರ ಹೊತ್ತಿಗೆ
ದಾಕ್ಷಾಯಣಮ್ಮ ಬಂದರು,
ಬಾಣಂತಿಮನೆಯ ಕೂಸಿನಂತೆ ಟವೆಲಿನಲ್ಲಿ ಸುತ್ತಿದ
ದುಂಡನೆಯ ಸ್ಪೀಕರು ಹಿಡಿದು.

ಕೌಂಟರಿನ ಮೇಲಿಟ್ಟು ಚೀಟಿ ಕೊಟ್ಟರು:
'ನಾಲ್ಕು ದಿನದಿಂದ ಕರೆದರೆ ಓ ಅನ್ನಲ್ಲ.
ನೆತ್ತಿಯ ಕೆಂಪು ಉಂಗುರ ಆರುವುದಿಲ್ಲ.
ವೈರು ಕಿತ್ತು ಚುಚ್ಚಿದೆ. ಗುಂಡಿ ಒತ್ತಿದೆ.
ಒಂದ್ಸಲ ಹೊಡೆದೆ.'
ಕೊನೆಯ ಮಾತನ್ನು ಗೀಚಿ ಹಾಕಿದ್ದರು,
ಓದಲು ಬರುವಷ್ಟು.

ಇವರ ಮುಖ ಊರಿಗೆ ಅಷ್ಟು ಗೊತ್ತಿಲ್ಲ.
ಬಸ್‌ಸ್ಟ್ಯಾಂಡಿನ ಕಿಟಕಿಯ ಹಿಂದೆ ಇಪ್ಪತ್ತೆಂಟು ವರ್ಷ
ಹೊಳೆನರಸೀಪುರಕ್ಕೆ, ಆಲೂರಿಗೆ, ಬೇಲೂರಿಗೆ
ನಮ್ಮನ್ನೆಲ್ಲ ಹೊರಡಿಸಿದ್ದು ಆ ಗಂಟಲು.
ಹೆಣ್ಣು ನೋಡಲು ಹೊರಟ ದಿನ
ಅರಸೀಕೆರೆ ಅಂದದ್ದು ಅರಕಲಗೂಡು ಅಂತ ಕೇಳಿ
ನಾನು ಬೇರೆ ಬಸ್ಸು ಹತ್ತಿದ್ದೆ.
ತಪ್ಪು ಅವರದಲ್ಲ. ಅವರು ಎರಡು ಸಲ ಹೇಳುತ್ತಿದ್ದರು, ಯಾವಾಗಲೂ.

ಈಗ ಕೊರಳಿಗೆ ಹತ್ತಿಯ ಸ್ಕಾರ್ಫು.
ಹೋದ ವರ್ಷ ಮೈಸೂರಿನಲ್ಲಿ ಆಪರೇಷನ್ನು.
ತುಟಿ ಆಡಿದರೆ ಬರುವುದು
ಪಂಕ್ಚರಾದ ಟ್ಯೂಬಿನಷ್ಟು ಗಾಳಿ.

ಸ್ಪೀಕರನ್ನು ಬೋರಲು ಹಾಕಿದೆ.
ಅಡಿಯ ರಬ್ಬರನ್ನು ಬ್ಲೇಡಿನಿಂದ ಎಬ್ಬಿಸಿದರೆ
ಇರುವೆ ಗೂಡಿನ ಬಾಯಿಯಂಥ ಸಂದು.
ಅದಕ್ಕೊಂದು ಕೇಬಲ್ಲು, ಇನ್ನೊಂದು ತುದಿ ನನ್ನ ಕಂಪ್ಯೂಟರಿಗೆ.
ಮೈಕಿನ ಗುಂಡಿ ಒತ್ತಿ ಹಿಡಿದುಕೊಂಡೇ ಪ್ಲಗ್ಗು ಹಾಕಬೇಕು;
ಎರಡು ಕೈ ಸಾಲದೆ
ಸಾಲಗಾಮೆಯ ಹುಡುಗಿ ನಸ್ರೀನಳ ಹೆಬ್ಬೆರಳು ಕಡ ತಂದೆ.
ಟಣ್ ಅಂತು ಕಂಪ್ಯೂಟರು.
ಕೆಂಪು ಹಳದಿಯಾಯಿತು.
ದಾಕ್ಷಾಯಣಮ್ಮ ಕುರ್ಚಿಯ ಅಂಚಿಗೆ ಬಂದರು.

ತೆರೆಯ ಮೇಲೆ ಏನೋ ಕೇಳಿತು.
ದಿನಕ್ಕೆ ನೂರು ಸಲ ಕೇಳುತ್ತದೆ.
ಓದದೆ ಹೌದು ಒತ್ತಿದೆ.

ಪಟ್ಟಿ ಹಸಿರಾಗುತ್ತ ಹೋಗಿ ಎಪ್ಪತ್ತೊಂದಕ್ಕೆ ನಿಂತಿತು.
ಕರೆಂಟು ಹೋದರೆ ಇಟ್ಟಿಗೆಯೇ ಗತಿ.
ಯುಪಿಎಸ್ಸಿನ ಬ್ಯಾಟರಿ ನೆನೆದು ಬೆವೆತೆ.
ಟೀ ತರಿಸಿದೆ. ಅವರದು ತಣ್ಣಗಾಗುವವರೆಗೆ ಕಾದು
ಹನಿ ಹನಿ ಕುಡಿದರು.
ಎಪ್ಪತ್ತೆರಡು.
ಆಮೇಲೆ ಒಮ್ಮೆಲೇ ನೂರು.

'ಮೈನಾ' ಅಂದೆ.
'ನಮಸ್ಕಾರ! ನಾನು ಹೊಸಬಳು.
ನಿಮ್ಮ ಭಾಷೆ ಯಾವುದು?'
ನಸ್ರೀನ್ ಚಪ್ಪಾಳೆ ತಟ್ಟಿದಳು. ನಾನು ಬಿಲ್ಲು ಬರೆಯಹೊರಟೆ.

ದಾಕ್ಷಾಯಣಮ್ಮ ಬಗ್ಗಿ
ಅದರ ಜಾಲರಿಗೆ ತುಟಿ ಹಚ್ಚಿ ಕರೆದರು.
ಇಲ್ಲ.
ಇನ್ನೊಮ್ಮೆ.
ನನ್ನ ಬಿಲ್‌ಬುಕ್ಕನ್ನೇ ಎಳೆದುಕೊಂಡು ಬರೆದರು:
'ಮೂರು ತಿಂಗಳು ಕಲಿಸಿದ್ದೆ, ನನ್ನ ಉಸಿರು.
ಅಳಿಸಿದಿರಾ?'

ಹೌದು ಒತ್ತಿದ ಬೆರಳನ್ನು
ಎಲ್ಲಿಡಬೇಕೋ ತಿಳಿಯಲಿಲ್ಲ.

ಸೆಟ್ಟಿಂಗು ಹುಡುಕಿ ಹುಡುಕಿ ಕೊನೆಗೆ
ಧ್ವನಿ ಪರಿಚಯ ಅನ್ನುವುದನ್ನು ತೆರೆದೆ.
'ನನ್ನನ್ನು ಹತ್ತು ಸಲ ಕರೆಯಿರಿ,' ಅಂತು ಹೊಸಬಳು.
ಫ್ಯಾನು ನಿಲ್ಲಿಸಿದೆ. ಝೆರಾಕ್ಸು ನಿಲ್ಲಿಸಿದೆ.
ಛಾಪಾ ಕಾಗದ ಹಿಡಿದು ನಿಂತಿದ್ದ ವಕೀಲರಿಗೆ
ತುಟಿಗೆ ಬೆರಳಿಟ್ಟು ತೋರಿಸಿದೆ.
'ಎಷ್ಟೊತ್ತು ಮಾರಾಯ,' ಅಂದರು ಅವರು,
ಅದೂ ಒಂದು ಕರೆಯೆಂದು ಎಣಿಕೆಯಾಗಿ
ಅಳಿಸಿ ಮತ್ತೆ ಮೊದಲಿನಿಂದ.

ಬೀದಿಯ ಆಟೋಗಳ ನಡುವೆ ಒಂದು ಸಂದು ಸಿಕ್ಕಾಗ
ದಾಕ್ಷಾಯಣಮ್ಮ ಕಣ್ಣು ಮುಚ್ಚಿ ಗಾಳಿ ಬಿಟ್ಟರು.
ಒಂದು ಅಂತ ಬಿತ್ತು.
ಎರಡು.
ಮೂರನೆಯದಕ್ಕೆ ಕೆಮ್ಮು.
'ಕೇಳಿಸಲಿಲ್ಲ. ಇನ್ನೊಮ್ಮೆ ಹೇಳುತ್ತೀರಾ?'

ಆ ಕಿಟಕಿಗೆ ತಲೆ ತೂರಿಸಿ
ನಾವೆಲ್ಲ ಕೇಳುತ್ತಿದ್ದದ್ದೂ ಇದನ್ನೇ.
ಅವರು ಬೆನ್ನು ನೆಟ್ಟಗೆ ಮಾಡಿ,
ಸೆರಗು ಸರಿಪಡಿಸಿ,
ಹೇಳಿದರು.