ಎರಡನೆಯ ನಡೆ

ಲಿಯೆಪಾಯದಲ್ಲಿ ಗಾಳಿಗೆ ರಜೆಯಿಲ್ಲ.
ಟ್ರಾಮು ಡಿಪೋದ ಊಟದ ಕೋಣೆಯಲ್ಲಿ ಗುರುವಾರ ಸಂಜೆ
ಕಿಟಕಿಯ ಸಂದಿಗೆ ಹಳೇ ಪತ್ರಿಕೆ ತುರುಕಿ
ಹಲಗೆ ಹಾಸುತ್ತೇವೆ.
ಚೀಟಿ ಎತ್ತಿದರೆ ನನಗೆ ಕರಿಕಾಯಿ.
ಈ ಚಳಿಗಾಲವೆಲ್ಲ ಕರಿಯೇ ಬಂದಿದೆ; ಬೇಸರವಿಲ್ಲ.

ಎದುರಿಗೆ ವಿಸ್ವಾಲ್ದಿಸ್. ಬಂದರಿನ ಕ್ರೇನು ನಡೆಸಿದವನು,
ಮೂವತ್ತಾರು ವರ್ಷ ಒಂದು ಪೆಟ್ಟಿಗೆಯನ್ನೂ ಬೀಳಿಸದವನು.
ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದ.
ನಾನೂ ನಡೆಸಿದೆ.
ಕುದುರೆಯನ್ನು ಹೊರಗೆ ತಂದ, ಮೊಟ್ಟೆ ಇಟ್ಟ ಹಾಗೆ, ಮೆಲ್ಲಗೆ.
ಈಗ ಬುದ್ಧಿವಂತರು ಮಾಡುವುದು ಒಂದಿದೆ:
ತಮ್ಮ ಕುದುರೆಯನ್ನೂ ತಂದು ಕಾವಲಿಗೆ ನಿಲ್ಲಿಸುವುದು.
ನಾನು ರಾಜನ ಪಕ್ಕದ ಒಂಟೆಯ ಮುಂದಿನವನನ್ನು
ಎರಡು ಮನೆ ದಬ್ಬಿದೆ.

‘ಮತ್ತೆ ಅದೇನಾ, ಸ್ಕೈದ್ರೀತೆ?’
ಮತ್ತೆ ಅದೇ.
ನಮ್ಮ ನಾಡಿನ ಹೆಸರು ಹೊತ್ತ ಗ್ಯಾಂಬಿಟ್ಟು,
ನಮ್ಮ ನಾಡಿನವರೇ ಆಡಲು ನಾಚುವ ಗ್ಯಾಂಬಿಟ್ಟು.
ಮೊಮ್ಮಗನ ಫೋನು ಹೇಳುತ್ತದೆ: ತಪ್ಪು,
ಎರಡು ಕಾಲಾಳಿನಷ್ಟು ತೂಕದ ತಪ್ಪು.
ಇರಬಹುದು. ಫೋನು ಬೆವರುವುದಿಲ್ಲ;
ವಿಸ್ವಾಲ್ದಿಸನ ಮೇಲ್ತುಟಿ ನೋಡಿ.

ಹಗಲೆಲ್ಲ ನಾನು ಹಳಿಯ ಮೇಲಿನವಳು.
ಗಂಟೆ ಬಾರಿಸಬಹುದು, ಬ್ರೇಕು ಹಾಕಬಹುದು,
ಬಾಗಿಲಲ್ಲಿ ಸಿಕ್ಕಿದ ಛತ್ರಿಗೆ ಬೈಯಬಹುದು.
ತಿರುಗಿಸಲು ಚಕ್ರವೇ ಇಲ್ಲ ನನ್ನ ಮುಂದೆ.
ಅದಕ್ಕೇ ಗುರುವಾರ
ನನ್ನ ರಾಜನ ಮನೆಯ ಕದವನ್ನು ನಾನೇ ತೆಗೆದು
ಬಾ, ಅನ್ನುತ್ತೇನೆ.

ಬಂದ. ಒಂಟೆ ಬಂತು. ನನ್ನ ಕಾಲಾಳು ಅವನ ಕಾಲಾಳನ್ನು ಹೊಡೆದ,
ಅವನ ಕುದುರೆ ನನ್ನ ಇನ್ನೊಬ್ಬನನ್ನು.
ನಾನು ದಾಮಳನ್ನು ಕಳಿಸಿದೆ.
ಕೆಲವು ನಾಡುಗಳಲ್ಲಿ ಇವಳು ಮಂತ್ರಿಯಂತೆ, ಗಂಡಸಂತೆ.
ನಮ್ಮಲ್ಲಿ ದಾಮ, ಬರೀ ಹೆಂಗಸು:
ಕೋಟು ಮರೆತು ಚಳಿಗೆ ಹೊರಟ ಹೆಂಗಸು.

ಅವನ ಕುದುರೆ ನನ್ನ ಅಂಗಳಕ್ಕೇ ನುಗ್ಗಿ
ಮೂಲೆಯ ಆನೆಯನ್ನು ನುಂಗಿತು. ನುಂಗಲಿ.
ಉಗ್ರಾಣ ಹೊಕ್ಕು ಹೊಟ್ಟೆ ಬಿರಿಯೆ ತಿಂದ ಕಳ್ಳ
ಹೊಕ್ಕ ಕಿಂಡಿಯಲ್ಲಿ ಹೊರಗೆ ಹಿಡಿಸುವುದಿಲ್ಲ.
ಅಷ್ಟರಲ್ಲಿ ನನ್ನವಳು ಅವನ ರಾಜನ ಓಣಿಯಲ್ಲಿ
ಒಂದೊಂದೇ ಕದ ತಟ್ಟುತ್ತಿದ್ದಳು.

ನಲವತ್ತು ನಿಮಿಷ ಯೋಚಿಸಿದ.
ಚಹಾದಲ್ಲಿ ನಿಂಬೆಯ ಹೋಳು ತಳಕ್ಕೆ ಇಳಿಯಿತು.
ಒಂದೂ ಪೆಟ್ಟಿಗೆ ಬೀಳಿಸದ ಆ ಕೈ
ಗಾಳಿಯಲ್ಲಿ ತೂಗುತ್ತಾ ನಿಂತಿತ್ತು,
ಎಲ್ಲಿ ಇಳಿಸಲಿ ಎಂದು ಕೇಳುತ್ತಾ.

ಸೋತೆ, ಬಿಡಿ. ಮೂವತ್ತೆಂಟನೆಯ ನಡೆಗೆ
ಒಂದೇ ಒಂದು ಕಾಲಾಳು ಕಡಿಮೆ ಬಿದ್ದ.
ಕೈ ಕುಲುಕಿದ. ಗೆದ್ದವನ ಅಂಗೈ ಒದ್ದೆ.

ಮುಂದಿನ ಗುರುವಾರ. ಚೀಟಿ. ಮತ್ತೆ ಕರಿ.
ವಿಸ್ವಾಲ್ದಿಸನ ಬೆರಳು ರಾಜನ ಮುಂದಿನವನ ತಲೆ ಮುಟ್ಟಿ,
ಕಾಯಿ ನೆಟ್ಟಗೆ ಕೂರಿಸುವವನ ಹಾಗೆ ನಟಿಸಿ,
ಪಕ್ಕದವನನ್ನು ಎತ್ತಿಕೊಂಡಿತು.

ನಾನು ಏನೂ ಅನ್ನಲಿಲ್ಲ.
ಕಿಟಕಿಯ ಪತ್ರಿಕೆಯನ್ನು ಗಾಳಿ ಕೆಳಗೆ ಕೆಡವಿತ್ತು;
ಎದ್ದು ಹೋಗಿ, ನಿಧಾನವಾಗಿ, ತುರುಕಿ ಬಂದೆ.