ಹನ್ನೆರಡಕ್ಕೆ ಎಂಟು ಗಂಟೆ

ಪಾಟರಿ ರೋಡಿನ ನಮ್ಮ ಶಾಲೆಯಲ್ಲಿ
ಒಂಬತ್ತಕ್ಕೆ ಎರಡು ಹೊಡೆಯುತ್ತಿತ್ತು, ಹತ್ತಕ್ಕೆ ನಾಲ್ಕು,
ಹನ್ನೆರಡಕ್ಕೆ ಸರಿಯಾಗಿ ಎಂಟು.
ಯೂನಿಸ್ ಮಿಸ್ ಬೈದರು, ಒಂದು ತಿಂಗಳು ಪಗಾರ ಹಿಡಿದರು.
ಇನ್ನಾಸಪ್ಪ ಮಾತ್ರ ಜೋಡಿ ಜೋಡಿಯಾಗಿ
ಟಣ್‌ಟಣ್, ಒಂದು ಉಸಿರು, ಟಣ್‌ಟಣ್,
ಹಗ್ಗದ ತುದಿ ಎದೆಯ ಹತ್ತಿರ ಹಿಡಿದು ಹೊಡೆಯುತ್ತಿದ್ದ.
"ಇದು ಹಡಗಿನ ಗಂಟೆ ಮಿಸ್,
ಗಡಿಯಾರಾನೇ ತಿದ್ಕೋಬೇಕು."

ಊಟಕ್ಕೆ ನಾವು 'ಎಂಟು' ಅಂತಲೇ ಹೆಸರಿಟ್ಟೆವು.
ಲೆಕ್ಕದ ಪಿರಿಯಡ್ಡಿನಲ್ಲಿ ಬೆಂಚಿನಡಿ ಪಿಸುಗುಟ್ಟುತ್ತಿದ್ದೆವು:
ಎಂಟಾಯ್ತೇನೋ? ಇಲ್ಲ, ಇನ್ನೂ ಏಳು.

ಬೆಂಗಳೂರಿಗೆ ಹಡಗು ಎಲ್ಲಿಂದ ಬರಬೇಕು.
ಈಸ್ಟ್ ಸ್ಟೇಷನ್ನಿನ ಹಳದಿ ಹಲಗೆಯ ಮೇಲೆ
ಊರಿನ ಹೆಸರಿನಡಿ ಸಣ್ಣಕ್ಷರದಲ್ಲಿ
ಸಮುದ್ರಮಟ್ಟದಿಂದ ಇಷ್ಟು ಮೀಟರು ಎಂದು ಬರೆದಿತ್ತಲ್ಲ,
ಅಷ್ಟೇ ನಾವು ಕಂಡ ಸಮುದ್ರ.
ಅಲ್ಲೇ ನಿಂತು ಬೀಡಿ ಹಚ್ಚುತ್ತಿದ್ದ ಇನ್ನಾಸಪ್ಪ:
"ಇಷ್ಟು ಕೆಳಗಿದ್ದೆ ಕಣ್ರೋ ನಾನು."

ಆಕೆ (ಹಡಗನ್ನು ಆಕೆ ಅನ್ನುತ್ತಿದ್ದ)
ಮೊದಲು ಇಳಿದದ್ದು ಹಿಮ ತೇಲುವ ಕಡಲಿಗೆ,
ಯಾರೋ ರಾಣಿಯ ಹೆಸರು ಹೊತ್ತು.
ಲಘು ಕ್ರೂಸರು; ಲಘು ಅಂದರೆ ಎಂಟು ಸಾವಿರ ಟನ್ನು.
ಅಲ್ಲಿ ಸತ್ತವರನ್ನು ಇವನು ಕಂಡಿಲ್ಲ,
ಅವರ ಕೊಕ್ಕೆಗೇ ತನ್ನ ತೂಗುಹಾಸಿಗೆ ಕಟ್ಟಿ ಮಲಗಿದ.
ಯುದ್ಧ ಮುಗಿದದ್ದೇ ತೋಪಿಗೆ ಗ್ರೀಸು ಬಳಿದು
ಐದು ಚಳಿಗಾಲ ಅಳಿವೆಯಲ್ಲಿ ನಿಲ್ಲಿಸಿದರು.
ತೆಂಕಣ ದ್ವೀಪದವರು ಕೊಂಡು ಒಂದು ಹಕ್ಕಿಯ ಹೆಸರಿಟ್ಟರು.
ಸಾಕೆನಿಸಿ ನಮಗೆ ಮಾರಿದರು.
ನಾವು ನದಿಯ ಹೆಸರಿಟ್ಟೆವು.

"ಅವರ ಬಾವುಟ ಇಳೀತು, ನಮ್ಮದು ಏರಿತು,
ನಡುವೆ ಮೂರು ನಿಮಿಷ ಕಂಬ ಬರೀದು ಅಂತೆ.
ನಾ ನೋಡ್ಲಿಲ್ಲ, ಬಾಯ್ಲರ್ ಹತ್ರ ಇದ್ದೆ.
ಆ ಮೂರು ನಿಮಿಷ ಯಾರ ಹಡಗಿಗೆ ಉರಿ ಹಾಕಿದ್ನೋ.
ಉಗಿ ಮಾತ್ರ ಇಳೀಲಿಲ್ಲ."

ಕೊನೆಗೆ ಬೊಂಬಾಯಿಯಲ್ಲಿ ಒಡೆದರು.
ಗಂಟೆ ಲಾರಿ ಹತ್ತಿ ಜಾಲಿ ಮೊಹಲ್ಲಾಕ್ಕೆ ಬಂತು,
ಹಿತ್ತಾಳೆ ನಲ್ಲಿಗಳ ರಾಶಿಯೊಳಗೆ.
ಶಾಲೆಯವರು ತೂಕಕ್ಕೆ ಕೊಂಡರು.
ಗಂಟೆ ಮೊದಲು ಬಂತೋ ಶಾಲೆಗೆ, ಇವನೋ,
ಕೇಳಿದರೆ ಒಂದೊಂದು ಸಲ ಒಂದೊಂದು ಹೇಳುತ್ತಿದ್ದ.

ಈಗ ಅದು ನನ್ನ ಬಫಿಂಗ್ ಮೆಷೀನಿನ ಮುಂದೆ.
ಇಂದಿರಾನಗರದಲ್ಲಿ ಬಾರು ತೆಗೆಯುವವನೊಬ್ಬ ತಂದಿಟ್ಟು,
"ಹೆಸರು ಗಿಸರು ಎಲ್ಲ ಹೋಗಲಿ,
ಮುಖ ಕಾಣೋ ಹಾಗೆ ಮಾಡಿ" ಅಂದ.

ನದಿಯದು ಬರೀ ತಗಡು,
ಎರಡು ರಿವೆಟ್ಟು ತೆಗೆದದ್ದೇ ಕೈಗೆ ಬಂತು.
ಅದರಡಿಯ ಹಕ್ಕಿಯನ್ನು ತೆಳ್ಳಗೆ ಕೊರೆದಿದ್ದರು,
ಚಕ್ರಕ್ಕೆ ಒಡ್ಡಿದೊಡನೆ ಹಾರಿಹೋಯಿತು.
ರಾಣಿಯನ್ನು ಮೊದಲೇ ಯಾರೋ ಅರದಿಂದ ಉಜ್ಜಿದ್ದರು,
ಆದರೂ ಮಧ್ಯಾಹ್ನದವರೆಗೂ ಜಗ್ಗಲಿಲ್ಲ;
ಅವಳ ಕೊನೆಯಕ್ಷರ
ಓರೆ ಬೆಳಕಿಗೆ ಹಿಡಿದರೆ ಇನ್ನೂ ಇದೆ.

ಬಾಯಿ ಮೇಲೆ ಮಾಡಿ ಮಲಗಿಸಿದೆ, ಒಳಗೂ ಬರಹ.
ಇನ್ನಾಸಪ್ಪ ಹೇಳಿದ್ದು ಆಗ ನಂಬಿರಲಿಲ್ಲ:
ಹೀಗೇ ಬೋರಲು ಹಿಡಿದು ನೀರು ತುಂಬಿ
ಹಡಗಿನವರ ಕೂಸುಗಳಿಗೆ ಜ್ಞಾನಸ್ನಾನ ಮಾಡಿಸಿ
ಹೆಸರು ಒಳಗೆ ಕೊರೆಯುತ್ತಿದ್ದರಂತೆ.
ಅಗ್ನೆಸ್. ರೂಪರ್ಟ್. ಇನ್ನೊಂದು ಹಾವಸೆ ಹಿಡಿದಿದೆ.
ಅವರ ಕೆಳಗೆ, ಮೊಳೆಯಲ್ಲಿ ಗೀಚಿದ ನಮ್ಮ ಲಿಪಿ,
ಒತ್ತಕ್ಷರ ತಪ್ಪಿದೆ:
೨ನೇ ಬಾಯಲರ್ ಕೋಣೆ.

ತನ್ನ ಹೆಸರು ಬರೆದುಕೊಂಡಿಲ್ಲ.

ಸಂಜೆ ಬಂದವನು ಗಂಟೆಯಲ್ಲಿ ಕೂದಲು ಸರಿಮಾಡಿಕೊಂಡ.
ಬೆರಳಲ್ಲಿ ಒಳಗೆ ತೋರಿಸಿ, "ಇದು?"

"ಅಲ್ಲಿ ಕೈ ಹೋಗಲ್ಲ ಸಾರ್" ಅಂದೆ.

ಹೋಗುತ್ತೆ.